ಬೀಗರಿಗಾಗಿ ನಿಂತ ದೋಣಿ

ಅವತ್ತು ನಳ ಬರುವ ದಿನ. ಬೀದರದ ಮೈಲೂರಿನ ನಮ್ಮ ಓಣಿಯಲ್ಲಿ ನಳ ಬಂದರೆ ಮೊದಲು ಡ್ರಮ್ಮು, ಆಮೇಲೆ ದೇವರು. ಎರಡು ಡ್ರಮ್ಮು, ಆರು ಕೊಡ ತುಂಬಿಸಿದೆ. ಗೋಡೆಯಾಚೆ ತನ್ನ ಪೈಪಿನ ಜೊತೆ ಜಗಳಕ್ಕೆ ನಿಂತಿದ್ದ ಪಕ್ಕದ ಮನೆಯ ಆಪಾಗೆ ಸಲಾಮ್ ಹೇಳಿ ರೊಟ್ಟಿ ಬಡಿಯಲು ಕುಳಿತೆ. ದಿನಕ್ಕೆ ಎಂಟು ಸಾಕು, ಅವತ್ತು ಇಪ್ಪತ್ನಾಲ್ಕು. ಔರಾದದಿಂದ ಬೀಗರಾಗಬಹುದಾದವರು ಹುಡುಗನನ್ನು ನೋಡಲು ಬರುವವರಿದ್ದರು.

ಹುಡುಗ ಮಾತ್ರ ಮನೆಯಲ್ಲಿರಲಿಲ್ಲ, ದೇಶದಲ್ಲೇ ಇರಲಿಲ್ಲ. ಅವನು ಭಾಲ್ಕಿಯಲ್ಲಿರುವ ನನ್ನ ನೆಗೆಣ್ಣಿಯ ಮಗ. ಸೈನ್ಯಕ್ಕೆ ಸೇರಿದ ಮೇಲೆ ಅಲ್ಲಿ ಯಾರೋ ಅವನ ಎತ್ತರ ಅಳೆದು, ಬಂದೂಕಿನ ಬದಲು ಕೈಗೆ ದೋಣಿಯ ಹುಟ್ಟು ಕೊಟ್ಟರು. ಈಗ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ದೋಣಿ ಸ್ಪರ್ಧೆಗೆ ಹೋಗಿದ್ದ. ಒಂದು ದೋಣಿ, ಇಬ್ಬರು, ತಲೆಗೊಂದು ಹುಟ್ಟು. ಜೊತೆಗಾರ ರಾಜಸ್ಥಾನದ ಮರಳುಗಾಡಿನವ. ಭಾಲ್ಕಿ ಮತ್ತು ಮರಳುಗಾಡು! ನೀರಾಟಕ್ಕೆ ಇದಕ್ಕಿಂತ ಯೋಗ್ಯ ಊರುಗಳನ್ನು ಎಲ್ಲಿಂದ ತರುವುದು?

ನೆಗೆಣ್ಣಿ ಹಿಂದಿನ ದಿನವೇ ಬಂದಿದ್ದರು. ನನಗಿಂತ ಹಿರಿಯರು, ನಾನು ಅಕ್ಕ ಎನ್ನುತ್ತೇನೆ. ಭಾವ ತೀರಿಕೊಂಡ ಮೇಲೆ ಮಗನಿಗೆ ಹೆಣ್ಣು ಹುಡುಕುತ್ತಿದ್ದವರು ಅವರೊಬ್ಬರೇ. ಮೂರು ಮನೆಯವರು “ಹುಡುಗ ಏನ್ ಮಾಡ್ತಾನ?” ಎಂದು ಕೇಳಿ, “ದೋಣಿ ನಡೆಸ್ತಾನ” ಎಂಬ ಉತ್ತರಕ್ಕೆ ಚಹಾ ಮುಗಿಸಿ ಎದ್ದು ಹೋಗಿದ್ದರು. ಔರಾದದ ಹುಡುಗಿಯ ಮೇಲೆ ಅಕ್ಕನ ಮನಸ್ಸು ನಿಂತಿತ್ತು. ಒಮ್ಮೆ ಬೀದರದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ, ಯಾರೆಂದು ಗೊತ್ತಿಲ್ಲದೆ, ಇವರ ಚೀಲ ಹೊತ್ತು ಭಾಲ್ಕಿ ಬಸ್ಸಿನವರೆಗೆ ಬಂದಿದ್ದಳಂತೆ. ಅಕ್ಕನಿಗೆ ಅಷ್ಟು ಸಾಕಾಗಿತ್ತು. ಹುಡುಗಿಯ ತಂದೆಗೆ ಸಾಲದು. ಅವರು ನಿವೃತ್ತ ಹೆಡ್‌ಮಾಸ್ಟರು. ಸ್ಪರ್ಧೆ ನೋಡಿಯೇ ಮಾತು ಎಂದಿದ್ದರು. ನಮ್ಮ ಟಿವಿ ದೊಡ್ಡದೆಂಬ ಕಾರಣಕ್ಕೆ ಆ ಪರೀಕ್ಷಾ ಕೇಂದ್ರ ನಮ್ಮ ಮನೆಗೆ ಬಂತು.

ಸ್ಪರ್ಧೆ ಹತ್ತೂವರೆಗೆ. ಬೀಗರು ಬಂದದ್ದು ಹತ್ತು ಇಪ್ಪತ್ತೆಂಟಕ್ಕೆ, ಏಳು ಜನ. ಮಾಸ್ತರರು ಕಾಲು ತೊಳೆಯಲು ಬಚ್ಚಲಿಗೆ ಹೋಗುವುದಕ್ಕೂ, ಪರದೆಯ ಮೇಲೆ ದೋಣಿಗಳು ಸಾಲಾಗಿ ನಿಲ್ಲುವುದಕ್ಕೂ ಸರಿಹೋಯಿತು. ನನ್ನ ಗಂಡ ಮೊಬೈಲಿನಿಂದ ಟಿವಿಗೆ ಹಚ್ಚಿದ್ದರು. ತಕ್ಷಣ ಮೊಬೈಲ್ ಒತ್ತಿ ಚಿತ್ರ ನಿಲ್ಲಿಸಿದರು.

“ಹಿರೇರು ಕುಂತಿಲ್ಲ, ಚಹಾ ಆಗಿಲ್ಲ. ಹ್ಯಾಂಗ ಶುರು ಆಗ್ತದ?”

ನಮ್ಮ ಮನೆಯಲ್ಲಿ ಬೀಗರ ಕೈಗೆ ಕಪ್ಪು ಬರದೆ ಯಾವ ಮಾತೂ ಶುರುವಾಗುವುದಿಲ್ಲ. ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಬೇರೆ ನಿಯಮ ಯಾಕೆ? ಮೊದಲು ನೀರು, ಆಮೇಲೆ ಮಂಡಕ್ಕಿಯ ಸುಸಲಾ, ಆಮೇಲೆ ಚಹಾ. ಒಬ್ಬರಿಗೆ ಸಕ್ಕರೆ ಬೇಡ, ಇನ್ನೊಬ್ಬರಿಗೆ ಹಾಲು ಬೇಡ. ಅಷ್ಟು ಹೊತ್ತೂ ಹುಡುಗ ಸರೋವರದ ನಡುವೆ ಹುಟ್ಟು ಹಿಡಿದು ಕುಳಿತೇ ಇದ್ದ. ಹುಡುಗಿಯ ಸೋದರತ್ತೆ ಸುಸಲಾ ಮೆಲ್ಲುತ್ತ ನಿಂತ ಚಿತ್ರವನ್ನು ದಿಟ್ಟಿಸಿ ಹೇಳಿದರು: “ಹುಡುಗ ಭಾಳ ಸಮಾಧಾನಿ ಕಾಣ್ತಾನ್ರಿ.”

ನಾನು ಎರಡನೇ ಸಲ ಚಹಾ ಸೋಸುತ್ತಿದ್ದಾಗ ಗೋಡೆಯಾಚೆಯಿಂದ ಆಪಾ ಕೂಗಿದಳು. “ಭಾಬೀ, ಮುಬಾರಕ್! ನಿಮ್ಮ ಹುಡುಗ ಮೂರನೇ ನಂಬರ ಬಂದ. ಮೊಬೈಲ್‌ದಾಗ ನೋಡಿದೆ!”

ಪಡಸಾಲೆಯಲ್ಲಿ ಎಲ್ಲರೂ ಕಪ್ಪು ಕೆಳಗಿಟ್ಟರು.

“ಅದ್ಹ್ಯಾಂಗ?” ಎಂದರು ನನ್ನ ಗಂಡ, ನಿಜವಾಗಿ ನೊಂದು. “ನಾವಿನ್ನಾ ಶುರೂನ ಮಾಡಿಲ್ಲ.”

“ಮೂರನೇದಂದ್ರ ಕಂಚು!” ಎಂದು ಹುಡುಗಿಯ ಕಾಕಾ ಹುರುಪುಗೊಂಡರು. ಮಾಸ್ತರರು ಕನ್ನಡಕ ಏರಿಸಿ ಪರದೆಯ ಮೇಲೆ ಎಣಿಸಿದರು. “ನಾಕೇ ದೋಣಿ ಅವ.”

“ಹಚ್ರಿ,” ಎಂದರು ಅಕ್ಕ.

ಮುಗಿದುಹೋದ ಸ್ಪರ್ಧೆಯನ್ನು ನಾವೆಲ್ಲ ಕುಳಿತು ನೋಡಿದೆವು. ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗ ಹುಟ್ಟು ಎಳೆದಾಗಲೆಲ್ಲ ತಾವೂ ತುಸು ಹಿಂದಕ್ಕೆ ವಾಲುತ್ತಿದ್ದರು. ಅರ್ಧ ದಾರಿಯಲ್ಲಿ ನಮ್ಮ ದೋಣಿ ಎರಡನೆಯ ಸ್ಥಾನದಲ್ಲಿತ್ತು. “ಇನ್ನೊಂದೀಟ ಜಗ್ಗು, ನನ್ನಪ್ಪ,” ಎಂದು ಪಿಸುಗುಟ್ಟಿದರು. ಆಪಾ ಹೇಳಿದ್ದು ಅವರೊಬ್ಬರ ಕಿವಿಗೆ ಬಿದ್ದೇ ಇಲ್ಲವೇನೋ ಎನ್ನಿಸಿತು.

“ಹುಡುಗ ಹಿಂದ ನೋಡಕೋತ ಮುಂದ ಹೊಂಟಾನಲ್ಲ?” ಮಾಸ್ತರರ ಅನುಮಾನ.

“ಈ ಆಟದಾಗ ಹಂಗ ಕೂಡ್ತಾರ್ರಿ ಸರ್,” ಎಂದರು ನನ್ನ ಗಂಡ.

“ಮುಟ್ಟೋ ಜಾಗಾನೇ ಕಾಣಲಾರದವಗ ಹೆಣ್ಣ ಹ್ಯಾಂಗ ಕೊಡೂದ್ರಿ?”

ಮೂರನೆಯದಾಗಿಯೇ ಮುಟ್ಟಿದರು. ಟಿವಿಯವರು ಇಂಗ್ಲಿಷಿನಲ್ಲಿ ಏನೋ ಹೇಳಿದ್ದನ್ನು ಬಿಡಿಸಿ ಹೇಳುವ ಕೆಲಸ ಕಾನ್ವೆಂಟಿನಲ್ಲಿ ಓದಿದ ನನಗೆ ಬಂತು. “ಹಿಂದ ಬಿದ್ದವರಿಗಿ ನಾಳಿ ಇನ್ನೊಂದು ಸ್ಪರ್ಧೆ ಇಡ್ತಾರಂತ್ರಿ. ಅದ್ರಾಗ ಮುಂದ ಬಂದ್ರ ಫೈನಲ್‌ಗಿ ಹೋಗ್ತಾರ.”

“ಅಂದ್ರ ಸಪ್ಲಿಮೆಂಟರಿ,” ಎಂದರು ಮಾಸ್ತರರು.

ಇಷ್ಟು ವರ್ಷಗಳಲ್ಲಿ ನನ್ನ ಇಂಗ್ಲಿಷಿನಿಂದ ಮನೆಗೆ ಆದ ಉಪಕಾರ ಇದೊಂದೇ.

ಇಪ್ಪತ್ನಾಲ್ಕು ರೊಟ್ಟಿ ಮುಗಿದವು. ಕೈ ತೊಳೆದು ಬಂದು ಮಾಸ್ತರರು ತೀರ್ಪು ಕೊಟ್ಟರು: “ಸಪ್ಲಿಮೆಂಟರಿ ರಿಜಲ್ಟ್ ಬರ್ಲಿ. ಪಾಸಾದ್ರ ಮುಂದಿನ ಮಾತು.” ನನ್ನ ಗಂಡ ತಲೆಯಾಡಿಸಿದರು, ಬೀಗರ ಮುಂದೆ ಅವರ ತಲೆ ತಾನಾಗಿಯೇ ಆಡುತ್ತದೆ.

ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದ ಅಕ್ಕ ಅದನ್ನು ಟೀಪಾಯಿಯ ಮೇಲಿಟ್ಟರು.

“ನಿಮ್ಮ ಮಗಳ ಮಾರ್ಕ್ಸ್ ಕಾರ್ಡ್ ನಾ ಕೇಳೀನೇನ್ರಿ ಸರ್? ನಾಳಿ ನನ್ನ ಮಗ ತನ್ನ ಸಲುವಾಗಿ ಹುಟ್ಟು ಹಾಕ್ಲಿ. ನಿಮ್ಮ ಪಾಸು-ಫೇಲಿನ ಸಲುವಾಗಿ ಬ್ಯಾಡ. ಈ ಸಂಬಂಧಾನೇ ಬ್ಯಾಡ್ರಿ.”

ತಟ್ಟೆಯಿಂದ ಒಂದು ಅಡಿಕೆ ಉರುಳಿ ಸೋಫಾದ ಕೆಳಗೆ ಹೋಯಿತು. ಬೀಗರು ಎರಡು ಗಂಟೆಯ ಔರಾದ ಬಸ್ಸಿಗೆ ಹೊರಟರು. ನನ್ನ ಗಂಡ ಅಕ್ಕನ ಜೊತೆ ಮಾತು ಬಿಟ್ಟು ಪೇಪರ್ ಹಿಡಿದರು. ಬೆಳಿಗ್ಗೆಯೇ ಓದಿದ್ದ ಪೇಪರ್.

ನಾಲ್ಕಕ್ಕೆ ಹುಡುಗನ ಫೋನ್ ಬಂತು. “ಅವ್ವಾ, ಔರಾದದವ್ರು ಏನಂದ್ರು?”

“ಅವ್ರಿಗಿ ಬಸ್ ಸಿಗಲಿಲ್ಲಂತ. ಬರಲೇ ಇಲ್ಲ,” ಎಂದರು ಅಕ್ಕ. “ನೀ ಉಂಡ್ಯೇನು?” ಮಾತು ಮುಗಿದ ಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡರು. ಚಹಾ ಕೊಟ್ಟೆ. ಕುಡಿಯಲಿಲ್ಲ.

ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಪಕ್ಕದ ಮಾಳಿಗೆಯಲ್ಲಿದ್ದ ಆಪಾಗೆ ಎಲ್ಲ ಹೇಳಿದೆ. ಅವಳು ಚಾದರವನ್ನು ಎರಡು ಸಲ ಝಾಡಿಸಿ, ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅಂದಳು:

“ಇಬ್ಬರು ಗಂಡಸ್ರು ಏಳು ಮಿನಿಟ ಒಂದೇ ದೋಣ್ಯಾಗ ಕುಂತ್ರು, ಒಂದು ಜಗಳಾ ಇಲ್ಲ ಭಾಬಿ. ನಮ್ಮ ಮಿಯಾಂ ಸ್ಕೂಟರ್ ಮ್ಯಾಲ ಊರಾಗಿನ ಚೌಬಾರಾ ಮುಟ್ಟೂದ್ರಾಗ ಮೂರು ಸರ್ತಿ ನನಗ ಇಳೀ ಅಂತಾರ.”