ಜ್ವರ ಬರುವ ದಿನ ಬನ್ನಿ

ಯುದ್ಧದ ಕಾಲದಲ್ಲಿ ಬೆಂಗಳೂರಿನ ಮೇಲೆ ಬಾಂಬು ಬೀಳುವುದೇ ಆದರೆ ಅದು ನೇರವಾಗಿ ನಮ್ಮ ವಠಾರದ ಮೇಲೆಯೇ ಬೀಳುತ್ತದೆ ಎಂದು ನಾನು ನಂಬಿದ್ದೆ. ನಾನೊಬ್ಬ ಸರ್ಕಾರಿ ಗುಮಾಸ್ತ. ಜಪಾನಿನವರಿಗೆ ನನ್ನಿಂದ ಏನಾಗಬೇಕಿತ್ತೋ ಕಾಣೆ. ಆದರೂ ಉದ್ಯಾನದಲ್ಲಿ ಕಂದಕ ತೋಡಿದಾಗ, ಅದರೊಳಗೆ ಇಳಿದು, ಕೂತರೆ ತಲೆ ಹೊರಗೆ ಕಾಣುತ್ತದೆಯೇ ಎಂದು ನೋಡಿ ಬಂದವನು ಇಡೀ ಕಚೇರಿಯಲ್ಲಿ ನಾನೊಬ್ಬನೇ. ಕಿಟಕಿ ಗಾಜಿಗೆ ಕಾಗದದ ಪಟ್ಟಿ ಅಂಟಿಸಿದೆವು. ಮೋಟಾರುಗಳ ದೀಪಕ್ಕೆ ಅರ್ಧ ಕಪ್ಪು ಬಳಿದರು. ಅಪಾಯದ ಸೈರನ್ನನ್ನು ಅಭ್ಯಾಸಕ್ಕೆಂದು, ಮೊದಲೇ ಹೇಳಿಯೇ ಕೂಗಿಸುತ್ತಿದ್ದರು. ಆದರೂ ನಾನು ಪ್ರತಿ ಸಲ ಮೇಜಿನ ಕೆಳಗೆ ಸೇರುತ್ತಿದ್ದೆ.

ಬರ್ಮಾ ಬಿದ್ದ ಸುದ್ದಿ ಬಂದ ಮೇಲೆ ನಮ್ಮ ಬೀದಿಯ ಅರ್ಧ ಜನ ಊರುಗಳಿಗೆ ಹೊರಟರು. ನಾನೂ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಹನಕೆರೆ ಸ್ಟೇಷನ್ನಿನ ಹತ್ತಿರದ ಮಾವನವರ ಹಳ್ಳಿಗೆ ಕಳಿಸಲು ತೀರ್ಮಾನಿಸಿದೆ. ಹೆಂಡತಿ ಒಪ್ಪಲಿಲ್ಲ.

"ನಾಲೆ ನೀರು ಬಂದಾಗ್ಲಿಂದ ಅಲ್ಲಿ ಮನೆಗೊಬ್ರು ಚಳಿಜ್ವರ ಅಂತ ಮಲಗವ್ರೆ. ಗೊತ್ತಿದ್ದೂ ಗೊತ್ತಿದ್ದೂ ಮಗೀನ ಅಲ್ಲಿಗೆ ಕರ್ಕೊಂಡು ಓಗಾದಾ?"

"ಚಳಿಜ್ವರಕ್ಕೆ ಮಾತ್ರೆ ಇದೆ. ಬಾಂಬಿಗೇನಿದೆ?" ಎಂದೆ. ಆಗ ಅದು ನನಗೆ ಬಹಳ ಬುದ್ಧಿವಂತಿಕೆಯ ಮಾತಾಗಿ ಕೇಳಿಸಿತ್ತು.

ಅವರನ್ನು ರೈಲು ಹತ್ತಿಸಿ ಬಂದು, ಒಬ್ಬನಿಗೆ ಇಡೀ ಮನೆ ಯಾಕೆಂದು ಅದನ್ನೂ ಬಿಟ್ಟುಕೊಟ್ಟೆ. ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆ ಸೇರಿದೆ. ಬಾಂಬು ಬೀಳಲಿಲ್ಲ. ಕಂದಕದಲ್ಲಿ ಮಳೆನೀರು ನಿಂತು ಕಪ್ಪೆಗಳು ಸೇರಿಕೊಂಡವು. ಓಡಿಹೋಗಿದ್ದವರು ಒಬ್ಬೊಬ್ಬರಾಗಿ ವಾಪಸು ಬಂದರು. ಅವರ ಹಿಂದೆ ಸಿಪಾಯಿಗಳು, ಕಾರ್ಖಾನೆ ಕೆಲಸಕ್ಕೆ ಬಂದವರು, ಗುತ್ತಿಗೆದಾರರು. ಆರೇ ತಿಂಗಳಲ್ಲಿ ಬೆಂಗಳೂರು ನನಗೆ ಗುರುತೇ ಸಿಗದ ಊರಾಯಿತು. ಸೀಮೆಎಣ್ಣೆಗೆ ಸಾಲು, ಅಕ್ಕಿಗೆ ಸಾಲು. ಖಾಲಿ ಮನೆ ಎಲ್ಲಾದರೂ ಇದೆಯೇ ಎಂದು ಕೇಳಿದರೆ ಜನ ನಗುತ್ತಿದ್ದರು.

ಹಳ್ಳಿಗೆ ಹೋದಾಗಲೆಲ್ಲ ಮಾವನವರು ಜಗಲಿಯ ಮೇಲಿಂದಲೇ ಕೇಳುತ್ತಿದ್ದರು: "ಏನ್ ಅಳಿಮಯ್ಯ, ಬೆಂಗ್ಳೂರು ಇನ್ನೂ ಐತಾ?" ಇದೆ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು.

ನಾಟಿಯ ಹೊತ್ತಿಗೆ ಮಗಳಿಗೆ ಜ್ವರ ಬಂತು. ದಿನ ಬಿಟ್ಟು ದಿನ ಬರುವ ಜ್ವರ. ಬಿಸಿಲೇರುವ ಹೊತ್ತಿಗೆ ಉಗುರು ನೀಲಿಗಟ್ಟಿ, ನಾಲ್ಕು ಕಂಬಳಿ ಹೊದಿಸಿದರೂ ಮಂಚ ಅಲುಗುವಷ್ಟು ನಡುಕ, ಆಮೇಲೆ ಮುಟ್ಟಲಾಗದ ಬಿಸಿ. ಮಾರನೆಯ ದಿನ ಏನೂ ಆಗಿಲ್ಲವೆಂಬಂತೆ ಎದ್ದು ಮುದ್ದೆ ತಿನ್ನುತ್ತಿದ್ದಳು. ಇದಕ್ಕೆ ಬೇಕಾದದ್ದು ಕ್ವಿನೈನ್. ಅದು ಬರುತ್ತಿದ್ದದ್ದು ಜಾವಾದಿಂದ. ಜಾವಾ ಜಪಾನಿನವರ ಕೈಸೇರಿತ್ತು, ದೇಶದಲ್ಲಿ ಉಳಿದಷ್ಟು ಸೈನ್ಯಕ್ಕೆ ಹೋಗುತ್ತಿತ್ತು. ಯುದ್ಧಕ್ಕೆಂದು ನಾನು ಬೆಂಕಿಪೊಟ್ಟಣ, ಉಪ್ಪು, ಮೂರು ಡಬ್ಬಿ ಗುಂಡುಸೂಜಿ ಕೂಡಿಟ್ಟಿದ್ದೆ. ನನ್ನ ಭಯಗಳ ಅಷ್ಟುದ್ದದ ಪಟ್ಟಿಯಲ್ಲಿ ಈ ಮಾತ್ರೆ ಒಂದಿರಲಿಲ್ಲ.

ನಾಲ್ಕು ದಿನ ರಜೆ ಹಾಕಿ ಹೋದೆ. ಮಂಡ್ಯದ ಒಂದು ದವಾಖಾನೆಯಲ್ಲಿ ಸ್ವಲ್ಪ ಮಾತ್ರೆ ಕೊಡುತ್ತಾರೆಂದು ಗೊತ್ತಾಯಿತು. ಮಗು ಗೆಲುವಾಗಿದ್ದ ದಿನವೇ ಕರೆದುಕೊಂಡು ಹೋದೆವು. ನಡುಗುವ ಮಗುವನ್ನು ಯಾರು ರೈಲು ಹತ್ತಿಸುತ್ತಾರೆ? ಕಾಂಪೌಂಡರು ಹಣೆ ಮುಟ್ಟಿ ನೋಡಿದರು.

"ಜ್ವರ ಎಲ್ಲಿದೆ ಸ್ವಾಮಿ?"

"ನಾಳೆ ಬರುತ್ತದೆ."

"ಹಂಗಾದ್ರೆ ನಾಳೆ ಬನ್ನಿ. ಎಲ್ರೂ ನಾಳೆ ಬತ್ತದೆ ಅಂತ ಈಸ್ಕೊಂಡೋಗಿ ಸಂತೇಲಿ ಮಾರ್ಕೋತಾರೆ. ಮೈ ಸುಡ್ತಿರೋರಿಗೆ ಮಾತ್ರ ಕೊಡು ಅಂತ ನನಗೆ ಅಪ್ಪಣೆ ಆಗೈತೆ."

ಮಾರನೆಯ ದಿನ ಬೆಳಗಿನ ರೈಲಿಗೇ ಹೋಗಿ ದವಾಖಾನೆಯ ಜಗಲಿಯ ಮೇಲೆ ಕಂಬಳಿ ಹಾಸಿ ಕೂತೆವು. ಹನ್ನೆರಡಕ್ಕೆ ಔಷಧದ ಕಿಟಕಿ ಮುಚ್ಚುತ್ತಿತ್ತು. ಹತ್ತಾಯಿತು, ಹತ್ತೂವರೆಯಾಯಿತು, ಜ್ವರದ ಸುಳಿವಿಲ್ಲ. ನಾನು ಕ್ಷಣಕ್ಕೊಂದು ಸಲ ಅವಳ ಕತ್ತು ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು. ಹನ್ನೊಂದೂವರೆಗೆ ಮಗಳು ಮುಖ ಅರಳಿಸಿ, "ಅಪ್ಪ, ಇವತ್ತು ನಂಗೆ ಚಳೀನೇ ಆಯ್ತಾ ಇಲ್ಲ" ಎಂದಳು.

ನನ್ನ ಜಾಣೆ ಎನ್ನಬೇಕಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ. ನೀರು ಕುಡಿಯುತ್ತೀಯಾ ಎಂದೆ. ಬಿಸಿಲಲ್ಲಿ ಸ್ವಲ್ಪ ಓಡಾಡುತ್ತೀಯಾ ಎಂದೆ. ಹುಟ್ಟಿದ ದಿನದಿಂದ ಈ ಮಗುವಿನ ಪ್ರತಿ ಸೀನಿಗೂ ಬೆಚ್ಚಿದವನು ನಾನು. ಅಂದು ಜಗಲಿಯಲ್ಲಿ ಕೂತು, ದೇವರೇ ಬೇಗ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕಾಂಪೌಂಡರು ಶೀಷೆಗಳನ್ನು ಒಳಗಿಡತೊಡಗಿದಾಗ ಅವಳು ಮೊಣಕಾಲು ಮಡಿಚಿ ಅಮ್ಮನ ಮಡಿಲಿಗೆ ಸರಿದಳು. ಹಲ್ಲು ಕಟಕಟ ಎಂದವು. ಬೆರಳು ಹಿಡಿದು ನೋಡಿದೆ, ಉಗುರು ನೀಲಿ.

"ಬಂತು ಕಣೆ, ಬಂತು" ಎಂದೆ. ನನ್ನ ದನಿಯಲ್ಲಿ ಸಂತೋಷವಿತ್ತು.

ಹೆಂಡತಿ ತಲೆ ಎತ್ತಿ ನನ್ನನ್ನೇ ನೋಡಿದಳು. "ಮೆತ್ತಗನ್ನಿ. ಮಗು ಕೇಳಿಸ್ಕತ್ತದೆ."

ನಡುಕ ನೋಡಿ ಕಾಂಪೌಂಡರು ಈ ಸಲ ಹಣೆ ಮುಟ್ಟಲಿಲ್ಲ, ಮೂರು ದಿನದ ಮಾತ್ರೆ ಸಿಕ್ಕಿತು. ವಾರದ್ದಾದರೂ ಬೇಕೆಂದು ಕಾಂಪೌಂಡರೇ ಹೇಳಿದರು, ಹೇಳಿ ಖಾಲಿ ಶೀಷೆ ಬಗ್ಗಿಸಿ ತೋರಿಸಿದರು. ಬೆಂಗಳೂರಿಗೆ ಕರೆದುಕೊಂಡು ಹೋಗೋಣವೆಂದರೆ ಎಲ್ಲಿಗೆ? ಮೂರು ಹಾಸಿಗೆಯ ಆ ಕೋಣೆಗೆ?

ಮಧ್ಯಾಹ್ನದ ಬೆಂಗಳೂರು ರೈಲಿನಲ್ಲಿ ಮೂವರೂ ಒಟ್ಟಿಗೇ ಹೊರಟೆವು. ಮರುದಿನ ನಾನು ಕಚೇರಿಯಲ್ಲಿರಬೇಕಿತ್ತು. ಹನಕೆರೆಯಲ್ಲಿ ಅವರಿಬ್ಬರು ಇಳಿದರು. ಮಾವನವರು ಗಾಡಿ ಕಟ್ಟಿಕೊಂಡು ಬಂದು, ಸುಡುತ್ತಿದ್ದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡರು. ನಾನು ಕಿಟಕಿಯಿಂದ ಕಂಬಳಿ ಕೆಳಗೆ ಕೊಟ್ಟೆ.

"ಸಿಕ್ತಾ ಅಳಿಮಯ್ಯ?"

"ಮೂರು ದಿನದ್ದು ಸಿಕ್ತು."

"ಆಮ್ಯಾಲೆ?"

ಮಗಳ ಕಾಲೊಂದು ಕಂಬಳಿಯಿಂದ ಹೊರಗೆ ಜೋತು ಬಿದ್ದಿತ್ತು. ಅದನ್ನು ಮುಚ್ಚಿ ಎಂದು ಹೇಳುವಷ್ಟರಲ್ಲಿ ರೈಲು ಹೊರಟಿತು.