ಸಾವಿಗೆ ಬೇಡವಾದ ಹೆಸರು

ರಾಯಬಾಗದ ನಮ್ಮ ಮನೆಯಲ್ಲಿ ಅಕ್ಕನ ಗಂಡುಕೂಸಿಗೆ ಹೆಸರಿಡುವ ದಿನ. ಕಾಲೇಜು ಓದುತ್ತಿದ್ದ ನಾನು ನಿಪ್ಪಾಣಿಯಿಂದ ಹೆಸರುಗಳ ಮರಾಠಿ ಪುಸ್ತಕ ತಂದು, ಪೂಜಾರಿಯ ಮೂಗುದನಿಯಲ್ಲಿ ಓದುತ್ತಿದ್ದೆ: ಇದು ಸಂಸ್ಕೃತದ್ದು, ಅರ್ಥ ಸೂರ್ಯ, ಇದು ಪಾರಸಿಯದ್ದು, ಅರ್ಥ ರಾಜಕುಮಾರ. ಎಲ್ಲರೂ ನಕ್ಕರು, ಅಕ್ಕನ ಹೊರತು.

"ತಿಪ್ಪ್ಯಾ ಅಂತ ಇಡೂಣು," ಅಂದಳು ಅಕ್ಕ.

"ಅಯ್ಯ ಅಕ್ಕಾ, ಸಾಲ್ಯಾಗ ನನ್ನಂಥಾ ಮಂಗ್ಯಾ ಒಬ್ಬ ಇದ್ರ ಸಾಕು, ಕಾಡಿಸಿ ಕಾಡಿಸಿ ಅಳಸ್ತಾನ!"

"ಅಳಸಲಿ. ಸಾಲಿಗಿ ಹೋಗೂಮಟಾ ಇದು ಉಳೀಬೇಕಲಾ? ಚಂದ ಚಂದ ಹೆಸರ ಮೊದಲಿನ ಎರಡೂ ಕೂಸಿಗೆ ಇಟ್ಟಿದ್ನೆಪಾ ತಮ್ಮಾ. ಒಂದಕ್ಕೂ ವರ್ಷ ತುಂಬಲಿಲ್ಲ."

ಕಸದ ಹೆಸರಿನ ಮಗುವನ್ನು ಸಾವು ಮೂಸಿಯೂ ನೋಡುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಪುಸ್ತಕ ಮುಚ್ಚಿದೆ.

ಯಾರಿಗೂ ಬೇಡವಾಗಿ ಎಸೆದ ಕೂಸೆಂದು ಸಾವು ನಂಬಲಿ ಅಂತ, ಅದನ್ನು ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದರು. ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಅದನ್ನೆತ್ತಿಕೊಂಡು ಮುಂಬಾಗಿಲಿಗೆ ಬಂದಳು.

"ಯಾರ್ದೋ ಕೂಸು, ತಿಪ್ಪ್ಯಾಗ ಬಿದ್ದಿತ್ತು. ನಿನಗ ಬೇಕೇನ ಬೇ?"

"ನನಗ್ಯಾಕ ಬೇಕ್ರಿ ಅದು? ತಂದೀರಿ, ಇಟ್ಟ ಹೋಗ್ರಿ," ಅಂದಳು ಅಕ್ಕ.

ಊರನ್ನೆಲ್ಲ ಅಣಕಿಸುವ ನಾನೂ ಅಷ್ಟು ನಿಜವಾಗಿ ನಟಿಸಿದವನಲ್ಲ. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಇದ್ದಳು; ಕೈಗಳು ಮಾತ್ರ ಆಗಲೇ ಮುಂದೆ ಚಾಚಿದ್ದವು.