ಎರಡು ಸಲ ಎಣಿಸಿದ ಕೋಶಗಳು

ಲ್ಯಾಬಿನಲ್ಲಿ ಅವಳಿಗೆ ಲೆಕ್ಕದಮ್ಮ ಎಂದೇ ಹೆಸರು. ಮನುಷ್ಯರ ಜೊತೆ ಮಾತು ಕಡಿಮೆ, ಕಂಪ್ಯೂಟರಿನ ಜೊತೆ ಜಗಳ ಜಾಸ್ತಿ. ತಾಯಿಯಿಲ್ಲದ ಅವಳಿಗೆ ಜಡೆ ಹಾಕಿ, ತನ್ನ ಸಂಬಳದಲ್ಲಿ ಕಾಲೇಜು ಓದಿಸಿದವಳು ಅಣ್ಣನ ಹೆಂಡತಿ. ಆ ಅತ್ತಿಗೆಯೂ ಅದೇ ಕಟ್ಟಡದ ಕೆಳಮಹಡಿಯಲ್ಲಿದ್ದಾಳೆ. ರೋಗಿಗಳ ಗಡ್ಡೆಯನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಹರಡುವುದು ಅವಳ ಕೆಲಸ. ಯಾವ ಜಾಗದ ಕೋಶದಲ್ಲಿ ಯಾವ ಜೀನು ಚುರುಕಾಗಿದೆ ಎಂದು ಯಂತ್ರ ಓದುತ್ತದೆ. ಆ ಲಕ್ಷಗಟ್ಟಲೆ ಕೋಶಗಳ ಲೆಕ್ಕವನ್ನು ನಕ್ಷೆ ಮಾಡುವುದು ಮೇಲಿನ ಮಹಡಿಯ ಲೆಕ್ಕದಮ್ಮನ ಪಾಲು.

ಈ ಸಲದ ನಕ್ಷೆಯಲ್ಲಿ ಗಡ್ಡೆಯ ನಡುವೆ ಒಂದು ಪಟ್ಟಿ ಎರಡರಷ್ಟು ದಟ್ಟವಾಗಿ ಬಂತು. "ಗಾಜಿನ ಮೇಲೆ ಹರಡುವಾಗ ಗಡ್ಡೆಯ ಚೂರು ಮಡಿಚಿಕೊಂಡಿರ್ಬೇಕು ಸಾರ್," ಎಂದು ದೊಡ್ಡ ಡಾಕ್ಟರಿಗೆ ಹೇಳಿಬಿಟ್ಟಳು. ಬಾಯಿಗೆ ಬಂದದ್ದು, ಅಷ್ಟೇ. ಡಾಕ್ಟರು ಕೆಂಡಾಮಂಡಲವಾದರು. ಆ ರೋಗಿ ತೀರಿಕೊಂಡಿದ್ದರು, ಇನ್ನೊಂದು ಚೂರು ಸಿಗುವಂತಿರಲಿಲ್ಲ.

"ಕತ್ತರಿಸಿದವರ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಲ್ವಾ? ಮುಂದುವರಿಸೋದು ಬೇಡ. ಮಧ್ಯಾಹ್ನ ಕರೆಸಿ ಹೇಳ್ತೀನಿ."

ಕತ್ತರಿಸಿದವಳು ಅತ್ತಿಗೆಯೇ! ಲೆಕ್ಕದಮ್ಮ ಓಡಿ ಬಂದು ಆ ಪಟ್ಟಿಯನ್ನು ದೊಡ್ಡದು ಮಾಡಿ ನೋಡಿದಳು. ಸ್ಕೇಲಿಟ್ಟು ಎಳೆದಂತೆ ನೇರ! ಮಡಿಕೆ ಎಲ್ಲಾದರೂ ಇಷ್ಟು ನೆಟ್ಟಗಿರುತ್ತದೆಯೇ? ಯಂತ್ರ ಕೊಟ್ಟ ಇಡೀ ಚಿತ್ರ ಒಮ್ಮೆಗೇ ಕಂಪ್ಯೂಟರಿಗೆ ಹಿಡಿಸದೆಂದು ಅವಳೇ ಅದನ್ನು ಎರಡು ತುಂಡು ಮಾಡಿ ಓದಿಸಿದ್ದಳು. ಅಂಚಿನ ಕೋಶಗಳು ತಪ್ಪಿಹೋಗದಿರಲೆಂದು ನಡುವಿನ ಒಂದಿಷ್ಟು ಭಾಗವನ್ನು ಎರಡೂ ತುಂಡುಗಳಲ್ಲಿ ಇಟ್ಟಿದ್ದಳು. ಹಾಗೆ ಎರಡು ಸಲ ಬಂದದ್ದನ್ನು ಆಮೇಲೆ ತೆಗೆಯಬೇಕು. ಹೊಸ ಪ್ರೋಗ್ರಾಮಿನಲ್ಲಿ ಅದನ್ನೇ ಮರೆತಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಸುಳಿದದ್ದು ನಿಜ. ಸುಳಿಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಡಾಕ್ಟರ ಕೋಣೆಗೆ ನುಗ್ಗಿದಾಗ ಅತ್ತಿಗೆ ಕಳಚಿದ ಗ್ಲೌಸು ಹಿಡಿದು ಮೇಜಿನೆದುರು ನಿಂತಿದ್ದಳು. ಮುಖದಲ್ಲಿ ಕಳೆಯೇ ಇರಲಿಲ್ಲ.

"ತಪ್ಪು ನಂದು ಸಾರ್. ಚೂರು ಸರಿಯಾಗೇ ಇದೆ. ನಾನೇ ಎರಡು ಸಲ ಎಣಿಸಿದ್ದೀನಿ."

ಡಾಕ್ಟರು ಅವಳ ಬೆವರಿಳಿಸಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಅವರು ಅತ್ತಿಗೆಯ ಕಡೆ ತಿರುಗಿ, "ನೀವು ಹೋಗಿ ಅಮ್ಮ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ," ಎಂದರು.

ಹೊರಗೆ ಬಂದೊಡನೆ ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ, ನಗಲೂ ಇಲ್ಲ.

"ಒಂದು ಮಹಡಿ ಇಳಿದು ಬಂದಿದ್ರೆ ಸಾಕಿತ್ತಲ್ಲ ಪುಟ್ಟಿ," ಎಂದಳು. "ಅವರಿಗೆ ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"